ಹದ್ದು ಎತ್ತಿಕೊಂಡು ಹೋದ ಚಪ್ಪಲಿ

ಹಾಸಿಗೆ ಅಂಗಡಿಯ ಯಜಮಾನರು ಫೋನು ಮಾಡಿದಾಗಲೆಲ್ಲ ಮೊದಲು ಒಂದು ಆಕಳಿಕೆ ಕೇಳಿಸುತ್ತದೆ, ಆಮೇಲೆ ಮಾತು. ಆ ದಿನ ಆಕಳಿಕೆ ಕೇಳಿಸಲಿಲ್ಲ. ಏನೋ ಎಡವಟ್ಟಾಗಿದೆ ಎಂದು ನನಗೆ ಅಲ್ಲೇ ಗೊತ್ತಾಯಿತು.

"ಮತ್ತೆ ಒದ್ದೆ ಆಯ್ತು ಕಣಮ್ಮ," ಎಂದರು. "ಅದೇ ಹಾಸಿಗೆ. ಅಂಗಡೀಲಿ ನಲವತ್ತು ಹಾಸಿಗೆ ಇದಾವೆ. ಈ ನೀರಿಗೆ ಬೀಳೋದಕ್ಕೆ ಎಲ್ಲಕ್ಕಿಂತ ದುಬಾರೀದೇ ಬೇಕು."

"ಅದನ್ನ ಸ್ವಲ್ಪ ಜರುಗಿಸಬಾರದಾ ಯಜಮಾನ್ರೆ?"

"ಮಂಚಾನ ವೇದಿಕೆಗೆ ಬೋಲ್ಟ್ ಹಾಕಿ ಕೂರಿಸಿದೆ, ಎಲ್ಲಿಗಮ್ಮ ಜರುಗಿಸಲಿ? ಇವತ್ತು ಗಂಡ ಹೆಂಡತಿ ಇಬ್ಬರು ಬಂದಿದ್ರು. ಆ ಕಲೆ ನೋಡಿದ್ರು, ಆಮೇಲೆ ನನ್ನ ಮುಖ ನೋಡಿದ್ರು. ದಿನಾ ಮಧ್ಯಾಹ್ನ ನಾನು ಅದರ ಮೇಲೇ ಒರಗೋದು ಅಂತ ಬೀದಿಗೆಲ್ಲ ಗೊತ್ತು. ಈ ವಯಸ್ಸಲ್ಲಿ ನನ್ನ ಮರ್ಯಾದೆ ಏನಾಗಬೇಕು?"

ನಗು ಬಂತು, ನುಂಗಿಕೊಂಡೆ. ನಗುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ. ಆ ಅಂಗಡಿಯ ತಾರಸಿಯ ಕೆಲಸವನ್ನು ಕಳೆದ ವರ್ಷ ಹೊಸದಾಗಿ ಮಾಡಿದವಳು ನಾನೇ.

ನಮ್ಮದು ತಾರಸಿಗೆ ನೀರು ಇಳಿಯದಂತೆ ಮಾಡುವ ಕೆಲಸ. ಮನೆಗಳದ್ದಲ್ಲ. ಅಂಗಡಿ, ಗೋದಾಮು, ಆಫೀಸು, ಇಂಥ ದೊಡ್ಡ ಚಪ್ಪಟೆ ತಾರಸಿಗಳದ್ದು. ಅಪ್ಪ ಮೂವತ್ತೈದು ವರ್ಷದಿಂದ ಇದೇ ಕೆಲಸದಲ್ಲಿದ್ದಾರೆ. ಕೆಲಸ ಮುಗಿದ ಮೇಲೆ ಹತ್ತು ವರ್ಷದ ಗ್ಯಾರಂಟಿ ಪತ್ರ ಕೊಡುತ್ತೇವೆ, ಅದರ ಕೆಳಗೆ ಅಪ್ಪನ ಸಹಿ ಇರುತ್ತದೆ. ಈಗ ಅವರ ಮಂಡಿ ಕೈಕೊಟ್ಟಿದೆ, ಏಣಿ ಹತ್ತಲಾಗುವುದಿಲ್ಲ. ಏಳು ವರ್ಷದಿಂದ ಅವರ ಹಿಂದೆ ಬಕೆಟ್ಟು ಹೊತ್ತ ನಾನು, ಮುಂದಿನ ಸಹಿ ನನ್ನದೇ ಎಂದು ತಿಳಿದಿದ್ದೆ. ಹಾಸಿಗೆ ಅಂಗಡಿಯ ಕೆಲಸವನ್ನು ನನಗೆ ವಹಿಸುವಾಗ ಅಪ್ಪ ಹೇಳಿದ್ದೂ ಹಾಗೇ: "ಒಂದು ಮಳೆಗಾಲ ಹನಿ ಬೀಳದೆ ಕಳೀಲಿ, ಆಮೇಲೆ ಪತ್ರಕ್ಕೆ ನೀನೇ ಸಹಿ ಹಾಕು."

ಮಳೆಗಾಲ ಇನ್ನೂ ಅರ್ಧ ಕಳೆದಿರಲಿಲ್ಲ, ಆಗಲೇ ಐದು ಸಲ ಸೋರಿತ್ತು. ಆ ಸಂಜೆ ಅಪ್ಪ ಟೀ ಲೋಟ ಕೆಳಗಿಟ್ಟು ತೀರ್ಪು ಕೊಟ್ಟರು: "ಈ ತಿಂಗಳು ಮುಗಿಯೋದರೊಳಗೆ ನಿಲ್ಲಲಿಲ್ಲ ಅಂದ್ರೆ ಸಹಿ ಅಳಿಯನದು. ನೀನು ಆಫೀಸಲ್ಲಿ ಕೂತು ಫೋನ್ ನೋಡ್ಕೊ."

ಅಳಿಯ ಎಂದರೆ ನನ್ನ ಅಕ್ಕನ ಗಂಡ. ಭಾವ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರಪಂಚದ ಸಕಲ ಸಮಸ್ಯೆಗೂ ಅವರ ಬಳಿ ಇರುವುದು ಒಂದೇ ಉತ್ತರ, ಬಿರುಕಿಗೆ ತುಂಬುವ ಅಂಟಿನ ಟ್ಯೂಬು. ಅದರ ಗನ್ನನ್ನು ಸೊಂಟದಲ್ಲೇ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಅಕ್ಕನ ಕನ್ನಡಕದ ಕಡ್ಡಿ ಮುರಿದರೂ ಟ್ಯೂಬು, ಕುಕ್ಕರಿನ ಹಿಡಿ ಬಿಟ್ಟುಕೊಂಡರೂ ಟ್ಯೂಬು. ಹಾಸಿಗೆ ಅಂಗಡಿಯ ತಾರಸಿಗೆ ಅವರು ಆಗಲೇ ಹನ್ನೊಂದು ಟ್ಯೂಬು ಸುರಿದಿದ್ದರು. ನೀರಿಗೆ ಅದರ ಪರಿವೆಯೇ ಇರಲಿಲ್ಲ.

ಮೊದಲು ನೀರು ನಿಲ್ಲಿಸಿ ನೋಡಿ ಎಂದು ಅಪ್ಪನ ಅಪ್ಪಣೆಯಾಯಿತು. ಇದು ನಮ್ಮ ಕೆಲಸದ ದೊಡ್ಡ ಪರೀಕ್ಷೆ. ತಾರಸಿಯ ನೀರು ಇಳಿದುಹೋಗುವ ಬಾಯಿಗಳಿಗೆಲ್ಲ ಬಿರಡೆ ಹಾಕಿ, ಎರಡು ಅಂಗುಲ ನೀರು ತುಂಬಿಸಿ, ಒಂದು ಹಗಲು ಒಂದು ರಾತ್ರಿ ಬಿಡಬೇಕು. ಕೆಳಗೆ ಹನಿ ಬಿದ್ದರೆ ತೂತಿದೆ, ಇಲ್ಲದಿದ್ದರೆ ಇಲ್ಲ. ಇದರಲ್ಲಿ ಅಪಾಯ ಒಂದೇ. ಬಿರಡೆ ಕೀಳುವುದನ್ನು ಮರೆತಾಗ ದೊಡ್ಡ ಮಳೆ ಬಂದರೆ ತಾರಸಿ ಕೆರೆಯಾಗುತ್ತದೆ, ಆ ಭಾರಕ್ಕೆ ಕಟ್ಟಡವೇ ಕೂತುಬಿಡಬಹುದು. ಅದಕ್ಕೇ ಅಪ್ಪ ಒಂದು ಕಟ್ಟಳೆ ಮಾಡಿದ್ದಾರೆ. ಬಿರಡೆ ಹಾಕಿಸಿದ ಮೇಸ್ತ್ರಿ ತನ್ನ ಬಲಗಾಲಿನ ಚಪ್ಪಲಿಯನ್ನು ಅದರ ಪಕ್ಕದಲ್ಲೇ ಬಿಟ್ಟು, ಒಂಟಿ ಚಪ್ಪಲಿಯಲ್ಲಿ ಮನೆಗೆ ಹೋಗಬೇಕು. ಒಂದು ಕಾಲು ಸುಡುತ್ತಿರುವವನು ಬಿರಡೆಯನ್ನು ಮರೆಯುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

ಈ ಕಟ್ಟಳೆಯಿಂದ ಅಪ್ಪ ಸ್ವತಃ ಒಂದು ಚಪ್ಪಲಿ ಕಳೆದುಕೊಂಡಿದ್ದಾರೆ. ಒಂಬತ್ತು ವರ್ಷದ ಹಿಂದೆ ಇದೇ ಹಾಸಿಗೆ ಅಂಗಡಿಯ ಕಟ್ಟಡ ಕಟ್ಟುವಾಗ ಎರಡನೇ ದಿನವೂ ಒಂಟಿ ಚಪ್ಪಲಿಯಲ್ಲೇ ಮನೆಗೆ ಬಂದರು. "ಹದ್ದು ಎತ್ಕೊಂಡು ಹೋಯ್ತು," ಎಂದರು. ಆ ಜೋಡಿಯನ್ನು ಅಮ್ಮ ಹೊಲಿಸಿಕೊಟ್ಟು ಇನ್ನೂ ವಾರವಾಗಿರಲಿಲ್ಲ. ಅಪ್ಪನ ಕಾಲು ಒಳಕ್ಕೆ ತಿರುಗುತ್ತದೆಂದು ಹಿಮ್ಮಡಿಗೆ ಮೂರು ಹಿತ್ತಾಳೆ ಮೊಳೆ ಹೊಡೆಸಿದ್ದಳು. "ಒಂಬತ್ತನೇ ನಂಬರಿನ ಚಪ್ಪಲಿ ಎತ್ಕೊಂಡು ಹೋಗೋ ಹದ್ದು ನಾನು ನೋಡಿಲ್ಲಪ್ಪ," ಎಂದು ಅಮ್ಮ ಅಂದು ಹೇಳಿದವಳು ಇಂದಿಗೂ ಹೇಳುತ್ತಿದ್ದಾಳೆ. ಅಪ್ಪ ಕೊಡೆ ಮರೆತರೆ ಹದ್ದು, ಬೀಗದ ಕೈ ಕಳೆದರೆ ಹದ್ದು, ಊಟಕ್ಕೆ ತಡವಾದರೂ "ಹದ್ದು ಸಿಕ್ಕಿತ್ತಾ?"

ಈ ಸಲ ತಾರಸಿಯ ಮೇಲೆ ಉಳಿದ ಚಪ್ಪಲಿ ಭಾವನದು. "ಮೇಸ್ತ್ರಿ ಅಂತ ನೀವೇ ನಿಂತ್ಕೊಳಿ," ಎಂದು ಅಪ್ಪ ಅವರನ್ನು ಕಳಿಸಿದ್ದರು. ನಾನು ಎರಡೂ ಚಪ್ಪಲಿ ಹಾಕಿಕೊಂಡು ಮನೆಗೆ ಬಂದೆ. ಬೇರೆಯವರಿಗೆ ಇದು ಅರ್ಥವಾಗಲಿಕ್ಕಿಲ್ಲ, ನನಗಂತೂ ಹೊಟ್ಟೆ ಉರಿದುಹೋಯಿತು.

ಮರುದಿನ ನೋಡಿದರೆ ಕೆಳಗೆ ಒಂದು ಹನಿಯೂ ಇಲ್ಲ. ಭಾವ ಬಿರಡೆ ಕಿತ್ತು, ಚಪ್ಪಲಿ ಮೆಟ್ಟಿಕೊಂಡು, "ತಾರಸಿ ಗಟ್ಟಿಯಾಗಿದೆ. ಇದು ಏಸಿ ಬೆವರು," ಎಂದು ಘೋಷಿಸಿದರು. ಆ ಸಂಜೆ ಗಾಳಿಮಳೆ ಬಂತು. ಏಸಿ ನಿಲ್ಲಿಸಿದ್ದರೂ ಹಾಸಿಗೆ ಒದ್ದೆಯಾಯಿತು.

ಇದು ನನ್ನ ತಲೆಯಲ್ಲಿ ಕೊರೆಯತೊಡಗಿತು. ಎರಡು ಅಂಗುಲ ನೀರು ದಿನವಿಡೀ ನಿಂತರೂ ಇಳಿಯುವುದಿಲ್ಲ, ಒಂದು ಗಂಟೆಯ ಗಾಳಿಮಳೆಗೆ ಇಳಿಯುತ್ತದೆ. ಹಾಗಾದರೆ ತೂತು ನೆಲದಲ್ಲಿಲ್ಲ, ಎರಡು ಅಂಗುಲಕ್ಕಿಂತ ಮೇಲೆ, ಗೋಡೆಯಲ್ಲಿದೆ. ತಾರಸಿಯ ಸುತ್ತ ಇರುವ ಮೋಟು ಗೋಡೆಯ ಬುಡಕ್ಕೆ ನಾವು ಓರೆಯಾಗಿ ಗಾರೆ ಮೆತ್ತುತ್ತೇವೆ. ನೆಲಕ್ಕೆ ಹಾಸಿದ ಡಾಂಬರು ಹಾಳೆಯನ್ನು ಅದರ ಮೇಲಿಂದ ಎಂಟು ಅಂಗುಲ ಗೋಡೆಗೆ ಹತ್ತಿಸುತ್ತೇವೆ. ಹಾಳೆಯ ತುದಿಯ ಹಿಂದೆ ನೀರು ನುಸುಳದಂತೆ ಗೋಡೆಯಲ್ಲಿ ಗೀರು ಕೊರೆದು, ಒಂದು ತಗಡಿನ ಪಟ್ಟಿ ಸಿಕ್ಕಿಸಿ ಮುಚ್ಚುತ್ತೇವೆ. ಅದೇ ಫ್ಲ್ಯಾಶಿಂಗು. ತಾರಸಿ ಕೈಕೊಡುವುದು ಹೆಚ್ಚಾಗಿ ಈ ಅಂಚಿನಲ್ಲೇ. ಇಲ್ಲಿ ಆ ಅಂಚನ್ನು ಸುತ್ತಲೂ ನಾನೇ ಹೊಸದಾಗಿ ಮಾಡಿದ್ದೆ, ಒಂದು ಮೂಲೆ ಬಿಟ್ಟು.

ಆ ಮೂಲೆ ಅಪ್ಪನದು. "ಅದನ್ನ ಮುಟ್ಟಬೇಡ. ಅದು ನನ್ನ ಕೈಯಾರೆ ಮಾಡಿದ್ದು," ಎಂದು ಮೊದಲೇ ಹೇಳಿದ್ದರು. ಮೂರು ಕಡೆಯಿಂದ ಹಾಳೆ ಬಂದು ಸೇರುವ ಕಷ್ಟದ ಮೂಲೆ ಅದು, ಪಕ್ಕದಲ್ಲೇ ನೀರಿನ ಬಾಯಿ. ಮಳೆ ತಲೆಯ ಮೇಲಿರುವಾಗ, ಕತ್ತಲಾಗುತ್ತಿರುವಾಗ, ಇಪ್ಪತ್ತು ನಿಮಿಷದಲ್ಲಿ ಅದನ್ನು ಮುಗಿಸಿದ ಕಥೆಯನ್ನು ಅಪ್ಪ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಮಂಡಿ ಗಟ್ಟಿಯಿದ್ದಾಗ ಬೇರೆ ಮೇಸ್ತ್ರಿಗಳನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು.

ಎರಡು ದಿನ ಬಿಟ್ಟು ಪೈಪು ಹಿಡಿದು ಹತ್ತಿದೆ, ಭಾವನೂ ಹಿಂದೆಯೇ ಹತ್ತಿದರು. ಗೋಡೆಯ ಒಂದೊಂದು ಮಾರಿಗೂ ಹತ್ತು ನಿಮಿಷ ನೀರು ಬಿಡುವುದು, ಕೆಳಗಿದ್ದವರು ಹನಿ ಬಿದ್ದ ತಕ್ಷಣ ಫೋನಿನಲ್ಲಿ ಹೇಳುವುದು. ಕೆಳಗೆ ನೋಡಿಕೊಳ್ಳುವ ಕೆಲಸವನ್ನು ಯಜಮಾನರು ತಾವಾಗಿಯೇ ವಹಿಸಿಕೊಂಡರು. "ಅದೇ ಹಾಸಿಗೆ ಮೇಲೆ ಮಲಗಿ ಛಾವಣಿ ನೋಡ್ತಾ ಇರ್ತೀನಿ. ಹನಿ ನನ್ನ ಕಣ್ಣು ತಪ್ಪಿಸಿ ಎಲ್ಲಿಗೆ ಹೋಗುತ್ತೆ?"

ನೀರಿನ ಬಾಯಿಯ ಪಕ್ಕದ ಆ ಮೂಲೆಯಿಂದಲೇ ಶುರು ಮಾಡಿದೆ. ಹತ್ತು ನಿಮಿಷವಾಯಿತು, ಫೋನು ಮಾತಾಡಲಿಲ್ಲ. ಎರಡನೇ ಜಾಗ, ಮೂರನೆಯದು, ನಾಲ್ಕನೆಯದು. ಐದನೆಯದು ಏಸಿಯ ಹಿಂದೆ ಇದ್ದ, ನಾನೇ ಬೆಸೆದ ಜೋಡಣೆ. ಅಲ್ಲಿ ನೀರು ಬಿಟ್ಟು ನಿಮಿಷವಾಗಿಲ್ಲ, ಯಜಮಾನರು ಕಿರುಚಿದರು: "ಬಿತ್ತು! ಬಿತ್ತು ಕಣಮ್ಮ!"

ನಾನು ಪೈಪು ಕೆಳಗೆ ಹಾಕಿದೆ. ಭಾವ ಸೊಂಟದಿಂದ ಗನ್ನು ತೆಗೆದರು. "ಬೇಜಾರು ಮಾಡ್ಕೋಬೇಡ. ಒಂದೇ ಟ್ಯೂಬು ಸಾಕು."

ಸಪ್ಪೆ ಮೋರೆ ಹಾಕಿಕೊಂಡು ಕೆಳಗಿಳಿದೆ. ಯಜಮಾನರು ಹಾಸಿಗೆಯ ಮೇಲೆ ಎದ್ದು ಕೂತಿದ್ದರು. ನೆತ್ತಿಯಿಂದ ಹೊಟ್ಟೆಯವರೆಗೆ ತೊಯ್ದು ತೊಪ್ಪೆ. ದಿಂಬು ಹಿಂಡಿದರೆ ಅರ್ಧ ಚೊಂಬು ನೀರು ಬರುತ್ತಿತ್ತು. ಒಂದು ನಿಮಿಷದ ಹನಿಗೆ ಇಷ್ಟೊಂದು ನೆನೆಯುವುದು ಸಾಧ್ಯವೇ?

"ಯಜಮಾನ್ರೆ, ನಿಜ ಹೇಳಿ. ನಿದ್ದೆ ಮಾಡ್ತಿದ್ರಾ?"

"ನಾನಾ? ಛೆ ಛೆ. ಕಣ್ಣು ಸ್ವಲ್ಪ ಹತ್ತಿರಬಹುದು ಅಷ್ಟೆ."

"ಕನಸು ಬಿತ್ತಾ?"

ಅವರು ನಾಚಿಕೊಂಡರು. "ಈಜಾಡ್ತಾ ಇದ್ದೆ."

"ಎಷ್ಟು ಹೊತ್ತು?"

"ಸುಮಾರು ಹೊತ್ತು. ಆ ದಡ ಮುಟ್ಟಿ ವಾಪಸ್ ಬರ್ತಾ ಇದ್ದೆ."

ನನಗೆ ಅವರನ್ನು ಎತ್ತಿ ಕುಣಿಸಬೇಕೆನಿಸಿತು. ಸೋರಿ ಮುಗಿಯಲೆಂದು ಒಂದೂವರೆ ಗಂಟೆ ಕಾದೆವು. ಈ ಸಲ ಬಿಲ್ಲು ಬರೆಯುವ ಹೆಂಗಸನ್ನು ಕೆಳಗೆ ನಿಲ್ಲಿಸಿದೆ, ಕೂರಲೂಬೇಡಿ ಎಂದೆ. ಪಕ್ಷಪಾತ ಬೇಡವೆಂದು ನನ್ನ ಜೋಡಣೆಯಿಂದಲೇ ಶುರು ಮಾಡಿದೆ. ಹತ್ತು ನಿಮಿಷದ ಮೇಲೆ ಇನ್ನೂ ಹತ್ತು ನಿಮಿಷ ಬಿಟ್ಟೆ. ಏನೂ ಇಲ್ಲ. ಹಿಂದಕ್ಕೆ ಬಂದು ಬಂದು ಅಪ್ಪನ ಮೂಲೆಗೆ ಪೈಪು ಹಿಡಿದೆ. ನಾಲ್ಕನೇ ನಿಮಿಷಕ್ಕೆ ಫೋನಿನಲ್ಲಿ ಆ ಹೆಂಗಸಿನ ಶಾಂತವಾದ ದನಿ: "ಬರ್ತಾ ಇದೆ."

ಭಾವ ಬಿಳಿಚಿಕೊಂಡರು. "ಮಾವನ ಮೂಲೆ ಅದು. ಒಡೀಬೇಡ ಕಣಮ್ಮ, ಬೇಕಾದ್ರೆ ಎರಡು ಟ್ಯೂಬು ಹಾಕ್ತೀನಿ."

ನಾನು ಉಳಿ ತೆಗೆದುಕೊಂಡೆ. ತಗಡು ಕೈಯಲ್ಲೇ ಕಿತ್ತು ಬಂತು. ಹಾಳೆಯನ್ನು ಸೀಳಿದರೆ ಒಳಗೆ ಗಾರೆ ಟೊಳ್ಳಾಗಿ ಕುಸಿದಿತ್ತು, ಮೇಲಿನ ಹಾಳೆ ಜಗ್ಗಿ ಬಿರಿದಿತ್ತು. ಗಾರೆಯ ಹೆಂಟೆಯೊಂದನ್ನು ಎಬ್ಬಿಸಿದಾಗ ಕಪ್ಪಗೆ, ಮುದುಡಿಕೊಂಡು, ಏನೋ ಕಾಣಿಸಿತು. ಇಲಿ ಸತ್ತಿದೆ ಎಂದುಕೊಂಡೆ. ಎಳೆದರೆ ಬಂದದ್ದು ಚಪ್ಪಲಿ. ಬಲಗಾಲಿನದು. ಹಿಮ್ಮಡಿಗೆ ಮೂರು ಹಿತ್ತಾಳೆ ಮೊಳೆ.

ಭಾವ ಅದನ್ನು ತೆಗೆದುಕೊಂಡು ಮೊಳೆಗಳನ್ನು ಎರಡು ಸಲ ಎಣಿಸಿದರು.

ನಡೆದದ್ದೇನೆಂದು ಕಣ್ಣಿಗೆ ಕಟ್ಟಿದಂತಾಯಿತು. ನೀರಿನ ಪರೀಕ್ಷೆ ಮುಗಿದಿದೆ, ಅಪ್ಪ ಬಿರಡೆ ಕಿತ್ತಿದ್ದಾರೆ. ನೆಲದ ಹಾಳೆ ಮುಗಿದಿದೆ, ಈ ಮೂಲೆಯಲ್ಲಿ ಗೋಡೆಗೆ ಹತ್ತಿಸುವುದೊಂದು ಬಾಕಿ. ಮೋಡ ಇಳಿದಿದೆ, ಕತ್ತಲಾಗುತ್ತಿದೆ. ಕನ್ನಡಕ ಬರೆದುಕೊಟ್ಟ ಡಾಕ್ಟರನ್ನು ದಡ್ಡ ಎಂದು ಬೈದು ಬಂದ ಹೊಸತು. ಮೂಲೆಗೆ ಒರಗಿಸಿಟ್ಟ ಚಪ್ಪಲಿ ಅವರ ಕಣ್ಣಿಗೆ ಬಿದ್ದಿಲ್ಲ. ಇಪ್ಪತ್ತು ನಿಮಿಷದಲ್ಲಿ ಅದರ ಮೇಲೇ ಗಾರೆ ಮೆತ್ತಿ, ಹಾಳೆ ಹೊದಿಸಿ, ತಗಡು ಹೊಡೆದು, ಬೆನ್ನು ನೆಟ್ಟಗೆ ಮಾಡಿಕೊಂಡು ಚಪ್ಪಲಿ ಹುಡುಕಿದ್ದಾರೆ. ಮೇಲೆ ಒಂದು ಹದ್ದು ಸುತ್ತುತ್ತಿದ್ದಿರಬೇಕು. ತೊಗಲು ವರ್ಷ ವರ್ಷವೂ ಒಣಗಿ ಮುದುಡಿ, ಕೊನೆಗೆ ಮೂಲೆ ಟೊಳ್ಳಾಗಿದೆ. ನನ್ನ ಗ್ರಹಚಾರಕ್ಕೆ ಅದು ಬಿರಿದದ್ದು ನಾನು ಕೆಲಸ ಮಾಡಿದ ಮೇಲೆ.

"ಇದನ್ನ ಇಲ್ಲೇ ವಾಪಸ್ ಇಟ್ಟು, ಮೇಲೆ ಟ್ಯೂಬು..." ಎಂದು ಭಾವ ಶುರು ಮಾಡಿದರು. ನಾನು ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡರು.

ಎರಡು ದಿನ ಕೂತು ಆ ಮೂಲೆಯನ್ನು ಬುಡದಿಂದ ಕಟ್ಟಿದೆ. ಕಟ್ಟುವಷ್ಟು ಹೊತ್ತೂ ಮನಸ್ಸಿನಲ್ಲಿ ಅಪ್ಪನ ಜೊತೆ ಜಗಳವಾಡುತ್ತಿದ್ದೆ. ಈ ಮಳೆಗಾಲವೆಲ್ಲ ನನ್ನ ಕೆಲಸ ಸರಿಯಿಲ್ಲ ಎಂದು ಬೈಸಿಕೊಂಡಿದ್ದೇನೆ. ಈ ಚಪ್ಪಲಿಯನ್ನು ಅವರ ಟೀ ಲೋಟದ ಪಕ್ಕ ಇಡುತ್ತೇನೆ, ಆಮೇಲೆ ಏನು ಹೇಳುತ್ತಾರೋ ನೋಡೋಣ. ಗಾರೆ ಮೆತ್ತುತ್ತಾ ಮೆತ್ತುತ್ತಾ ಮಾತನ್ನೂ ಜೋಡಿಸಿಕೊಂಡಿದ್ದೆ. ಚಪ್ಪಲಿಯನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ.

ಮನೆಗೆ ಬಂದಾಗ ಅಪ್ಪ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಅಕ್ಕನ ಮಗಳನ್ನು ಎದುರಿಗೆ ಕೂರಿಸಿಕೊಂಡು ಅದೇ ಮೂಲೆಯ ಕಥೆ ನಡೆದಿತ್ತು. "ಆಕಾಶ ಕಪ್ಪಗಾಗಿದೆ, ಕೈ ಕಾಣಿಸ್ತಿಲ್ಲ..." ಅವರ ಮುಖ ಅಷ್ಟು ಬೆಳಗುವುದು ಆ ಕಥೆ ಹೇಳುವಾಗ ಮಾತ್ರ. ನನ್ನನ್ನು ನೋಡಿ, "ಎಲ್ಲಿತ್ತು?" ಎಂದರು.

ಜೋಡಿಸಿಟ್ಟುಕೊಂಡ ಮಾತೆಲ್ಲ ಎಲ್ಲಿ ಹೋಯಿತೋ. "ಏಸಿ ಹಿಂದೆ," ಎಂದೆ. "ನನ್ನ ಜೋಡಣೆ. ಸರಿ ಮಾಡಿದೆ."

ಭಾವ ಬಾಯಿ ತೆರೆದು ಮುಚ್ಚಿದರು. ಅಪ್ಪ ತಲೆ ಅಲ್ಲಾಡಿಸಿದರು. "ನಾನು ಮೊದಲೇ ಅಂದಿದ್ದೆ. ಅವಸರದ ಕೈ ನಿಂದು. ಸರಿ, ಸಹಿ ಅಳಿಯನೇ ಹಾಕಲಿ." ಅಷ್ಟು ಹೇಳಿ ಮತ್ತೆ ಎಣ್ಣೆ ತಿಕ್ಕತೊಡಗಿದರು.

ನಾನು ಅಡುಗೆಮನೆಗೆ ಹೋಗಿ ನೀರು ಕುಡಿದೆ. ಅತ್ತುಬಿಡುತ್ತೇನೆಂದು ಇನ್ನೊಂದು ಲೋಟ ಕುಡಿದೆ. ಅಷ್ಟರಲ್ಲಿ ಅಮ್ಮ ತೊಳೆಯಲೆಂದು ನನ್ನ ಚೀಲದಿಂದ ಊಟದ ಡಬ್ಬಿ ತೆಗೆಯಲು ಹೋಗಿದ್ದಾಳೆ. ಕಾಗದ ಬಿಚ್ಚಿದ ಸದ್ದು ಕೇಳಿಸಿತು.

ಹೊರಗೆ ಬಂದರೆ ಅಮ್ಮ ಚಪ್ಪಲಿ ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ತೀರ ಕೆಳಗಿನ ಅರೆಯ ಹಿಂದಿನಿಂದ ಒಂದು ಪೊಟ್ಟಣ ಎಳೆಯುತ್ತಿದ್ದಳು. ಅದರಲ್ಲಿದ್ದದ್ದು ಎಡಗಾಲಿನ ಚಪ್ಪಲಿ, ಮೂರು ಹಿತ್ತಾಳೆ ಮೊಳೆ ಥಳಥಳ. ಒಂಬತ್ತು ವರ್ಷ ಸಾಕ್ಷಿಗೆಂದು ಇಟ್ಟುಕೊಂಡಿದ್ದಳು. ಎರಡನ್ನೂ ತಂದು ಅಪ್ಪನ ಮುಂದೆ ಜೋಡಿಸಿಟ್ಟಳು.

"ಹದ್ದು ತಂದುಕೊಟ್ಟಿದೆ," ಎಂದಳು.

"ಎಲ್ಲಿ ಸಿಕ್ತು ಇದು?" ಅಪ್ಪನ ಕೈ ಮಂಡಿಯ ಮೇಲೇ ನಿಂತಿತು.

"ಮಾವನ ಮೂಲೆ ಒಳಗಿತ್ತು ಅತ್ತೆ," ಎಂದುಬಿಟ್ಟರು ಭಾವ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. ಆ ಬಾಯಿಗೆ ಹಾಕಲು ಯಾವ ಟ್ಯೂಬೂ ಇರಲಿಲ್ಲ.

ಅಪ್ಪ ಎದ್ದು, ಮೇಜಿನ ಡ್ರಾಯರು ಎಳೆದು, ಎಂದೂ ಹಾಕದ ಕನ್ನಡಕ ತೆಗೆದು ಹಾಕಿಕೊಂಡರು. ಬಲಗಾಲಿನ ಚಪ್ಪಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಅದರ ಹೆಬ್ಬೆರಳು ತೂರಿಸುವ ಉಂಗುಷ್ಟದಲ್ಲಿ ಅವರದೇ ಗಾರೆ ಗಟ್ಟಿಯಾಗಿ ಅಂಟಿತ್ತು. ಅಮ್ಮನಿಗೆ ಹೇಳಲು ಒಂಬತ್ತು ವರ್ಷದ ಮಾತಿತ್ತು, ಆದರೂ ಎಡಗಾಲಿನದನ್ನು ಅವರ ಹತ್ತಿರಕ್ಕೆ ಸರಿಸಿದಳು ಅಷ್ಟೆ. ಅಪ್ಪ ನನ್ನ ಕಡೆ ತಿರುಗಿದರು.

"ಮತ್ತೆ ನಿಂದು ಅಂತ ಯಾಕೆ ಅಂದೆ?"

"ನನಗೆ ಸಹಿ ಬೇಕು ಅಪ್ಪ, ತುಂಬಾ ಬೇಕು," ಎಂದೆ. "ಆದ್ರೆ ನೀವು ಆ ಕಥೆ ಹೇಳ್ತಾ ಇದ್ರಿ."

ಅವರು ಆ ಚಪ್ಪಲಿ ಹಿಡಿದುಕೊಂಡೇ ಒಳಗೆ ಹೋದರು.

ಮರುದಿನ ಬೆಳಗ್ಗೆ ಹಾಸಿಗೆ ಅಂಗಡಿಗೆ ಹೊರಟಾಗ ಅಪ್ಪ ಆಗಲೇ ಗಾಡಿಯಲ್ಲಿ ಕೂತಿದ್ದರು, ಕನ್ನಡಕ ಸಮೇತ. ಏಣಿಯ ಹದಿನಾರು ಮೆಟ್ಟಿಲು ಹತ್ತಲು ಅವರಿಗೆ ಕಾಲು ಗಂಟೆ ಹಿಡಿಯಿತು. ಒಂದೊಂದು ಮೆಟ್ಟಿಲಿಗೂ ಭಾವನನ್ನು ಬೈಯುತ್ತಾ ಹತ್ತಿದರು. ಮೂಲೆಯ ಮುಂದೆ ಕೂತು ಹಾಳೆಯ ಜೋಡಣೆಯನ್ನು ಹೆಬ್ಬೆರಳಿಂದ ಸವರಿದರು, ತಗಡನ್ನು ಬೆರಳಲ್ಲಿ ತಟ್ಟಿ ಸದ್ದು ಕೇಳಿದರು, ಗಾರೆಯನ್ನು ಗುದ್ದಿ ನೋಡಿದರು.

"ಎಂಟು ಅಂಗುಲ ಸಾಕಿತ್ತು. ಒಂಬತ್ತು ಹತ್ತಿಸಿದೀಯ," ಎಂದರು.

"ಹೌದು."

"ಹೂಂ." ತಗಡನ್ನು ಇನ್ನೊಮ್ಮೆ ತಟ್ಟಿ, "ಒಂಬತ್ತು ಇದ್ರೆ ಒಳ್ಳೇದೇ," ಎಂದರು.

ಮೂಲೆಗೆ ಅರ್ಧ ಗಂಟೆ ಪೈಪು ಹಿಡಿದೆವು. ಕೆಳಗಿನಿಂದ ಬಿಲ್ಲು ಬರೆಯುವ ಹೆಂಗಸು "ಒಣ" ಎಂದಳು. ಹಿನ್ನೆಲೆಯಲ್ಲಿ ಯಜಮಾನರ ಗೊರಕೆ ಕೇಳಿಸುತ್ತಿತ್ತು. ನೀರಿನ ಬಾಯಿಯ ಅಂಚನ್ನೂ ಒಡೆದು ಕಟ್ಟಿದ್ದರಿಂದ ನೀರು ನಿಲ್ಲಿಸಿಯೂ ನೋಡಬೇಕಿತ್ತು. ಭಾವ ಬಿರಡೆ ಹಾಕಿ, ರೂಢಿಯಂತೆ ಬಲಗಾಲಿನ ಚಪ್ಪಲಿ ಬಿಚ್ಚಲು ಬಗ್ಗಿದರು.

"ನೀವು ಹಾಕ್ಕೊಳಿ," ಎಂದರು ಅಪ್ಪ. ನನ್ನ ಕಡೆ ನೋಡದೆ, "ನೀನು ಬಿಡು," ಎಂದರು.

ನನಗೆ ಕೇಳಿಸಿತು, ಆದರೆ ಕಾಲು ಏಳಲಿಲ್ಲ. "ಏನು ಮುಖ ನೋಡ್ತಿದೀಯ? ಸಹಿ ಹಾಕೋರ ಚಪ್ಪಲಿ ತಾನೆ ಇರಬೇಕಾದ್ದು?" ಎಂದು ಗದರಿದರು. ಬಿಚ್ಚಿದೆ. ಅದನ್ನು ಬಿರಡೆಯ ಪಕ್ಕದ ಮೂಲೆಗೆ ಒರಗಿಸಿಟ್ಟೆ. ಅಪ್ಪ ಕಷ್ಟಪಟ್ಟು ಬಗ್ಗಿ ಅದನ್ನು ಎತ್ತಿಕೊಂಡು, ಎರಡು ಮಾರು ಈಚೆಗೆ, ಯಾವ ಗೋಡೆಗೂ ತಾಗದಂತೆ, ಬಯಲಲ್ಲಿ ಒಂದು ಇಟ್ಟಿಗೆಯ ಮೇಲೆ ಇಟ್ಟರು. ಇಟ್ಟ ಮೇಲೆ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು.

ಗಾಡಿಯಿಂದ ಇಳಿದು ಮನೆಯ ಬಾಗಿಲ ತನಕ ಬಿಸಿಲಲ್ಲಿ ಒಂದು ಕಾಲು ಕುಣಿಸುತ್ತಾ ಬಂದೆ. ಅಂಗಾಲು ಚುರುಗುಟ್ಟುತ್ತಿತ್ತು, ನಗು ತಡೆಯಲಾಗುತ್ತಿರಲಿಲ್ಲ. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ನನ್ನ ಬರಿಗಾಲು ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ನಿಂದನ್ನೂ ಹದ್ದು ಎತ್ಕೊಂಡು ಹೋಯ್ತಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಕುಂಟುತ್ತಾ ಬಂದ ಅಪ್ಪ ಹೇಳಿದರು. "ಹದ್ದಲ್ಲ ಕಣೆ. ಮೇಸ್ತ್ರಿ ಚಪ್ಪಲಿ ಅದು, ತಾರಸಿ ಮೇಲಿದೆ."

ಅಮ್ಮ ಅವರನ್ನು ನೋಡಿದಳು, ನನ್ನನ್ನು ನೋಡಿದಳು, ಬಾಗಿಲಿಂದ ಪಕ್ಕಕ್ಕೆ ಸರಿದಳು. "ಹಾಗಾದ್ರೆ ಕಾಲು ತೊಳ್ಕೊಂಡು ಒಳಗೆ ಬಾ ಮೇಸ್ತ್ರಿ," ಎಂದಳು.